ಆಂಡರ್ಸನ್‌ಪೇಟೆಯ ಗೋಡೆ: ಒಂದು ಘನ ಸಂಶೋಧನೆ

ಊರು ಎರಡಾಗಿ, ಒಡಹುಟ್ಟಿದವರು ಆಚೆಗೊಬ್ಬ ಈಚೆಗೊಬ್ಬ ಉಳಿದು, ಮುನ್ನೂರನೆಯ ಪುಟದಲ್ಲಿ ತಬ್ಬಿಕೊಂಡು ಅಳುವ ಐತಿಹಾಸಿಕ ಕಾದಂಬರಿಗೆ ಬೇಕಾದ ಸಾಮಗ್ರಿ ನಾಲ್ಕು: ಊರು, ಅಣ್ಣತಮ್ಮಂದಿರು, ತಲುಪದ ಕಾಗದ, ಗೋಡೆ. ಮೊದಲ ಮೂರು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆ.ಜಿ.ಎಫ್.) ಆಂಡರ್ಸನ್‌ಪೇಟೆಯಲ್ಲಿ ಧಾರಾಳ. (ಕಾಗದವನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ಅದು ತಲುಪದಿರುವುದು ಖಚಿತ.) ಕೊರತೆ ಗೋಡೆಯದು.

ಬರ್ಲಿನ್‌ನವರಿಗೆ ಆ ಚಿಂತೆಯಿರಲಿಲ್ಲ. 1961ರ ಆಗಸ್ಟ್ 13ರ ಬೆಳಗ್ಗೆ ಅವರು ಎದ್ದು ನೋಡುವಷ್ಟರಲ್ಲಿ ಮುಳ್ಳುತಂತಿ ಬಿದ್ದಿತ್ತು. 1963ರ ಕ್ರಿಸ್‌ಮಸ್‌ಗೆ ಪಶ್ಚಿಮದವರು ಪಾಸ್ ಹಿಡಿದು ಪೂರ್ವದ ನೆಂಟರನ್ನು ನೋಡಿಬರುವ ಹೊತ್ತಿಗೆ ಅರ್ಧ ಕಾದಂಬರಿ ತಾನಾಗಿಯೇ ಮುಗಿದಿತ್ತು. ಕೆ.ಜಿ.ಎಫ್. ಲೇಖಕನಿಗೆ ಇಂಥ ಸರ್ಕಾರಿ ನೆರವಿಲ್ಲ. ಸ್ವಂತ ಖರ್ಚಿನಲ್ಲೇ ಗೋಡೆ ಹುಡುಕಬೇಕು.

ಪೂರ್ವಪಕ್ಷ: ಸೈನೈಡ್ ದಿಬ್ಬವೇ ಗೋಡೆ. ಚಿನ್ನ ತೆಗೆದು ಉಳಿದ ಹುಡಿ ನೂರು ವರ್ಷ ಬಿದ್ದು ಬಿದ್ದು ಗುಡ್ಡವಾಗಿದೆ. ಖಂಡನೆ: ಮೇಕೆಗಳು ಪಾಸಿಲ್ಲದೆ ದಾಟುತ್ತವೆ. ಹಾಗಾದರೆ 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂ ಕಡೆಗೆ ಬಂದ ರೈಲು ಹಳಿ? ಸೈಕಲ್ ಹೆಗಲಿಗೇರಿಸಿದರೆ ಅದೂ ಮುಗಿಯಿತು. ಭಾಷೆ? ಇಲ್ಲಿನವನು ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಮೂರೂ. ದೊರೆಗಳ ಬಂಗಲೆಗೂ ಕೂಲಿ ಲೈನಿಗೂ ನಡುವೆ ಮಾತ್ರ ಅಸಲಿ ಅಂತರವಿತ್ತು. ಆದರೆ ಅಣ್ಣ ಬಂಗಲೆಯಲ್ಲಿ, ತಮ್ಮ ಲೈನಿನಲ್ಲಿ ಹುಟ್ಟುವ ಪದ್ಧತಿ ಇರಲಿಲ್ಲವಾಗಿ ಕಥೆಗೆ ಅದು ಒದಗದು.

ಸಿದ್ಧಾಂತ: ಕೆ.ಜಿ.ಎಫ್. ಗೋಡೆ ಇದ್ದದ್ದು ಗಡಿಯಾರದಲ್ಲಿ. ಬರ್ಲಿನ್ ಗೋಡೆ 3.6 ಮೀಟರ್ ಮೇಲೆದ್ದಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಕೆಳಗಿಳಿದಿತ್ತು. ನಮ್ಮ ಕಾದಂಬರಿಯ ಅಣ್ಣನಿಗೆ ರಾತ್ರಿ ಪಾಳಿ, ತಮ್ಮನಿಗೆ ಹಗಲು ಪಾಳಿ. ಪಾಳಿ ಬದಲಾದರೆ ಇಬ್ಬರದೂ ಒಟ್ಟಿಗೇ ಬದಲಾಗುತ್ತಿತ್ತು. ಒಬ್ಬನ ಕೇಜು ಮೇಲೆ ಬರುವಾಗ ಇನ್ನೊಬ್ಬನದು ಕೆಳಗೆ. ಮನೆಯಲ್ಲಿದ್ದದ್ದು ಒಂದೇ ಹಗ್ಗದ ಮಂಚ. ತಲೆದಿಂಬಿನ ಕುಳಿ ಆರುವ ಮೊದಲೇ ಇನ್ನೊಂದು ತಲೆ ಅದರಲ್ಲಿ ಕೂರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಅಣ್ಣ ಅರ್ಧ ಸೇದಿದ ಬೀಡಿ ಇಟ್ಟು ಹೋಗುವನು. ಉಳಿದ ಉದ್ದ ನೋಡಿ ತಮ್ಮ ಆ ದಿನದ ಸಮಾಚಾರ ತಿಳಿಯುವನು: ಮುಕ್ಕಾಲು ಉಳಿದಿದ್ದರೆ ಕೆಳಗೆ ಏನೋ ಆಗಿದೆ, ಬಾಯಿಗೆ ರುಚಿಸಿಲ್ಲ. (ಭಾನುವಾರ ಇಬ್ಬರೂ ಮನೆಯಲ್ಲೇ ಇರುತ್ತಿದ್ದರಲ್ಲ ಎಂಬ ಆಕ್ಷೇಪವನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.)

ಪಾಸ್‌ಪೋರ್ಟ್ ಇಲ್ಲದ ಗಡಿ ಎಂಥದು ಎನ್ನುವವರಿಗೆ: 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆಯಲು ಹೊರಟಾಗ ಅವರು ಹೆಬ್ಬೆರಳು ಕೊಡದೆ ಮುಷ್ಕರ ಹೂಡಿದರು. ಪ್ರಮಾಣ ಸಾಕು.

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ನಮ್ಮದು 2001ರ ಫೆಬ್ರುವರಿ 28ರಂದು, ಗಣಿ ಮುಚ್ಚಿದಾಗ. ಪಾಳಿಯಿಲ್ಲ, ಕೇಜಿಲ್ಲ. ಶಾಸ್ತ್ರದ ಪ್ರಕಾರ ಇಲ್ಲಿ ಅಣ್ಣತಮ್ಮಂದಿರು ತಬ್ಬಿಕೊಳ್ಳಬೇಕು. ಅವರ ಮಕ್ಕಳೇನೋ ಬೆಂಗಳೂರಿನ ಕೆಲಸಕ್ಕೆಂದು ಕತ್ತಲಿದ್ದಾಗ ರೈಲು ಹತ್ತಿ, ಕತ್ತಲಾದ ಮೇಲೆ ಇಳಿಯುತ್ತಾರೆ. ಅದು ಎರಡನೆಯ ಸಂಪುಟದ ವಿಷಯ.

ತಬ್ಬಿಕೊಳ್ಳುವ ಅಧ್ಯಾಯಕ್ಕೆ ಆಧಾರ ಹುಡುಕುತ್ತ ಈ ಪ್ರಬಂಧಕಾರ ಆಂಡರ್ಸನ್‌ಪೇಟೆಯ ಟೀ ಅಂಗಡಿಯೊಂದರಲ್ಲಿ ಕ್ಷೇತ್ರಕಾರ್ಯ ಕೈಗೊಂಡನು. ವಿಷಯ ಕೇಳಿದ ಅಂಗಡಿಯಾತ ಲೋಟ ತೊಳೆಯುವುದನ್ನು ನಿಲ್ಲಿಸಿದ.

"ಅಣ್ಣತಮ್ಮ, ಮಧ್ಯೆ ಗೋಡೆ ತಾನೇ ಸಾರ್? ಬನ್ನಿ, ತೋರಿಸ್ತೀನಿ."

ಹಿಂದಿನ ಬೀದಿಯಲ್ಲಿ ಒಂದು ಹೆಂಚಿನ ಮನೆ. ಒಳಗೆ, ಮಂಚ ಇರಬೇಕಾದ ಜಾಗದಲ್ಲಿ, ಗಾರೆ ಬಳಿಯದ ಇಟ್ಟಿಗೆ ಗೋಡೆ.

"ಮೈನ್ಸ್ ಮುಚ್ಚಿದ ಮೇಲೆ ಇಬ್ರೂ ದಿನಾ ಮನೇಲೇ ಕೂತ್ರಲ್ಲ ಸಾರ್. ಆರು ತಿಂಗಳು ತಡ್ಕೊಂಡ್ರು. ಆಮೇಲೆ ಕಟ್ಟಿಬಿಟ್ರು."

ಸಿಮೆಂಟಿಗೆ ದುಡ್ಡು ಸಾಲದೆ ಗೋಡೆ ಸೂರಿಗೆ ಮುಟ್ಟಿರಲಿಲ್ಲ. ಅದರ ತಲೆಯ ಮೇಲೆ ಸೇದಿ ಬಿಟ್ಟ ಒಂದು ಬೀಡಿ. ಇಟ್ಟದ್ದು ಆಚೆಯವನೋ ಈಚೆಯವನೋ, ಉಳಿದ ಉದ್ದ ನೋಡಿ ಹೇಳುವಷ್ಟು ವಿದ್ಯೆ ಈ ಪ್ರಬಂಧಕಾರನಿಗಿಲ್ಲ.