ಹಂಪಿ ಕಡೆಯವರು ಹಾಳು ನೋಡಲು ಹೊರಟದ್ದು

ಹೊಸಪೇಟೆಯವನಿಗೆ ಪ್ರವಾಸದ ಹುಚ್ಚು ಹಿಡಿದರೆ ಅವನಷ್ಟು ಕಷ್ಟದ ಗಿರಾಕಿ ಇನ್ನೊಬ್ಬ ಸಿಗಲಾರ. ಕೋಟೆ ತೋರಿಸಿದರೆ ‘ಇಷ್ಟೇನಾ?’ ಅಂತಾನೆ. ಗುಡಿಗೆ ಕರಕೊಂಡು ಹೋದರೆ ಕಂಬ ತಟ್ಟಿ ನೋಡ್ತಾನೆ, ಸಪ್ತಸ್ವರ ಬರದಿದ್ದರೆ ಮುಖ ಸಪ್ಪಗೆ ಮಾಡ್ತಾನೆ. ಬೆಟ್ಟ ಹತ್ತಿಸಿದರೆ ‘ಬಂಡೆ ಎಲ್ಲ್ರೀ?’ ಅಂತ ಕೇಳ್ತಾನೆ. ಅವನ ತಪ್ಪಲ್ಲ ಬಿಡಿ. 1986ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಊರನ್ನು ಹಿತ್ತಲಲ್ಲಿ ಇಟ್ಟುಕೊಂಡವನಿಗೆ ಹಾಳು ತೋರಿಸುವುದು ಅಂದರೆ ಬಳ್ಳಾರಿಯವರಿಗೆ ಬಿಸಿಲು ಮಾರಿದ ಹಾಗೆ.

ಹಾಗಂತ ಅವನು ಹಂಪಿ ನೋಡಿದ್ದಾನಾ ಅಂತ ಮಾತ್ರ ಕೇಳಬೇಡಿ. ಬೆಂಗಳೂರಿನ ನೆಂಟರು ಬಂದಾಗ ಅವರ ಕಾರಿನಲ್ಲಿ, ಅವರ ಪೆಟ್ರೋಲಿನಲ್ಲಿ ಹೋಗ್ತಾನೆ. ಮಾತಂಗ ಬೆಟ್ಟದ ಬುಡಕ್ಕೆ ಬಂದಾಗ ‘ನೀವು ಹತ್ತಿ ಬನ್ನಿ, ನಾ ಇಲ್ಲೇ ಚಪ್ಪಲಿ ಕಾಯ್ತೀನಿ’ ಅಂತ ಎಳನೀರಿನವನ ಹತ್ತಿರ ಕೂತುಬಿಡ್ತಾನೆ. ನೆಂಟರು ಬೆವರು ಒರೆಸಿಕೊಂಡು ಇಳಿದ ಮೇಲೆ ‘ಹೆಂಗಿತ್ತು ನಮ್ಮ ಹಂಪಿ?’ ಅಂತ ಎದೆಯುಬ್ಬಿಸಿ ಕೇಳುವವನೂ ಇವನೇ.

ಇಂಥ ಊರಿನಲ್ಲಿ, ಇಂಥದೇ ಒಂದು ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ರಜೆಗೆ ಎಲ್ಲಿಗೆ ಹೋಗೋದು ಅಂತ ಸಭೆ ಸೇರಿತು. ಮನೆಯಾಕೆಯ ಬೇಡಿಕೆ ಸ್ಪಷ್ಟವಾಗಿತ್ತು: ‘ಕಡಲು ನೋಡಬೇಕು. ಡ್ಯಾಂ ಅಲ್ಲ, ಕಡಲು.’

ಆ ‘ಡ್ಯಾಂ ಅಲ್ಲ’ ಅನ್ನುವುದರ ಹಿಂದೆ ಒಂದು ಇತಿಹಾಸವಿದೆ. ಆಗಸ್ಟಿನಲ್ಲಿ ತುಂಬಿ ನಿಂತ ಟಿಬಿ ಡ್ಯಾಂ ಎದುರು ಹೆಂಡತಿಯನ್ನು ನಿಲ್ಲಿಸಿ, ‘ಆಚೆ ದಡ ಕಾಣುತ್ತಾ? ಕಾಣಲ್ಲ ತಾನೆ? ಮತ್ತೆ ಕಡಲು ಅಂದ್ರೆ ಇನ್ನೇನು?’ ಅಂತ ವಾದ ಮಾಡಿ ದುಡ್ಡು ಉಳಿಸಿದ ಗಂಡಸರು ಈ ಊರಲ್ಲಿ ಬೇಕಾದಷ್ಟು ಮಂದಿ. ಗಾಳಿ ಇದೆ, ಬಿಸಿಬಿಸಿ ಮೀನು ಫ್ರೈ ಸಿಗುತ್ತೆ, 33 ಗೇಟುಗಳಿವೆ. 2024ರ ಆಗಸ್ಟಿನಲ್ಲಿ ಅದರಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ಇಡೀ ರಾಜ್ಯ ಟಿವಿ ಮುಂದೆ ಕೂತು ನಮ್ಮ ಕಡಲನ್ನೇ ನೋಡಿತು. ಆದರೂ ಈ ವಾದ ಒಂದೇ ಹೆಂಡತಿಯ ಮುಂದೆ ವರ್ಷವರ್ಷವೂ ನಡೆಯುವುದಿಲ್ಲ.

ಮಗನಿಗೆ ಟ್ರೆಕ್ಕಿಂಗ್ ಬೇಕು. ನನಗೆ, ಏನು ಮಾಡೋದು, ಹುಟ್ಟುಗುಣ, ಒಂದು ಹಳೇ ಕೋಟೆ ಬೇಕು. ಮೂರೂ ಒಂದೇ ಕಡೆ ಸಿಗೋ ಜಾಗವನ್ನು ಮಗಳು ಫೋನಿನಲ್ಲಿ ಹುಡುಕಿ ತೆಗೆದಳು. ‘ಗೋಕರ್ಣ ಅಪ್ಪಾ. ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್, ನಾಲ್ಕೂ ಬೀಚಿಗೆ ಗುಡ್ಡ ಹತ್ತಿ ಇಳಿದು ನಡಕೊಂಡೇ ಹೋಗಬಹುದು. ಕುಮಟಾ ದಾರಿಯಲ್ಲೇ ಮಿರ್ಜಾನ್ ಕೋಟೆ. ಮಹಾಬಲೇಶ್ವರನ ಗುಡಿ ಅಂತೂ ಊರೊಳಗೇ ಇದೆ.’

ಸಭೆಗೆ ಕಂಪ್ಲಿಯಿಂದ ಸೋದರಮಾವ ಬಂದಿದ್ದರು. ಅವರಿಗೆ ಕೋಟೆ ಅಂದರೆ ಕಂಪ್ಲಿ ಕೋಟೆ, ಅಕ್ಕಿ ಅಂದರೆ ಕಂಪ್ಲಿ ಅಕ್ಕಿ, ವೀರ ಅಂದರೆ ಕುಮಾರರಾಮ. ‘ಏನಪ್ಪ ಅಳಿಯಾ, ಕೋಟೆ ನೋಡೋಕೆ ಅಷ್ಟು ದೂರ ಹೋಗ್ತೀಯಾ? ನಿಮ್ಮ ಹಂಪಿ ಕಟ್ಟಿದ್ದು 1336ರಲ್ಲಿ. ಅಷ್ಟರಲ್ಲಿ ನಮ್ಮ ರಾಜ್ಯ ಹುಟ್ಟಿ, ಮೆರೆದು, ದಿಲ್ಲಿ ತುಘಲಕ್ಕನ ಕೈಲಿ ಬಿದ್ದೂ ಆಗಿತ್ತು’ ಅಂದರು. ಬಿದ್ದಿದ್ದರಲ್ಲೂ ಹಿರಿತನ! ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ನಮ್ಮ ಮಾವ ಆ ಗೌಡಿಕೆಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗುತ್ತಲ್ಲ, ಅವತ್ತು ಅವರು ದಡದಲ್ಲಿ ನಿಂತು ನೀರು ನೋಡುವ ಗತ್ತು ನೋಡಬೇಕು. ಅವರ ಲೆಕ್ಕದಲ್ಲಿ ಅವರಿಗೂ ಒಂದು ಕಡಲಿದೆ.

ಸಂಡೂರಿನ ಷಡ್ಡಕನದು ಬೇರೆಯೇ ರಾಗ. ‘ಹಸಿರು ಬೇಕಾ? ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಅಂತ ಗಾಂಧೀಜಿಯೇ ಹೇಳಿದ್ದಾರೆ. ಕುಮಾರಸ್ವಾಮಿ ಬೆಟ್ಟಕ್ಕೆ ಬನ್ನಿ, ನಾರಿಹಳ್ಳದ ಡ್ಯಾಂ ಇದೆ, ರಾಮಗಡದಲ್ಲಿ ಮಂಜು ಇದೆ.’ ಸಂಡೂರಿನವರಿಗೆ ಗಾಂಧೀಜಿ ಬಂದುಹೋದದ್ದು 1934ರಲ್ಲಿ ಅಲ್ಲ, ಮೊನ್ನೆ.

ಆದರೆ ಕಡಲಿನ ಮಾತು ಬಂದರೆ ನಮ್ಮೆಲ್ಲರಿಗಿಂತ ಅವನೇ ಅನುಭವಿ. ಅದಿರಿನ ಕಾಲದಲ್ಲಿ ಅವನ ಹತ್ತಿರ ಲಾರಿ ಇತ್ತು. ಬೀಜಿಂಗ್ ಒಲಿಂಪಿಕ್ಸಿನ ಆಸುಪಾಸಿನ ಆ ವರ್ಷಗಳಲ್ಲಿ ಚೀನಾದ ಹಸಿವಿಗೆ ನಮ್ಮ ಗುಡ್ಡಗಳು ಲಾರಿ ಹತ್ತಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಪಕ್ಕದ ಬೇಲೆಕೇರಿ ಬಂದರು ಸೇರುತ್ತಿದ್ದವು. ಆಗಿನ ರಾಷ್ಟ್ರೀಯ ಹೆದ್ದಾರಿ 63 ಅಂಕೋಲಾದಿಂದ ಹೊರಟು ನಮ್ಮ ಮನೆ ಮುಂದಿಂದಲೇ ಗುತ್ತಿಗೆ ಹೋಗುತ್ತಿತ್ತು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗುತ್ತಿದ್ದ ಕಾಲ ಅದು. 2010ರಲ್ಲಿ ಜಪ್ತಿ ಮಾಡಿಟ್ಟ ಅದಿರೇ ಬೇಲೆಕೇರಿಯಿಂದ ಮಾಯವಾಗಿ, ಅದುವರೆಗೆ ಭೂಪಟದಲ್ಲಿ ಹುಡುಕಬೇಕಿದ್ದ ಬಂದರು ದಿನಾ ಪತ್ರಿಕೆಯ ಮುಖಪುಟಕ್ಕೆ ಬಂತು. ‘ಕಡಲು ಹೆಂಗಿತ್ತಣ್ಣ?’ ಅಂತ ಕೇಳಿದರೆ ಷಡ್ಡಕ ಹೇಳಿದ್ದು: ‘ಕಡಲೆಲ್ಲಿ ನೋಡಿದ್ವಿ? ಕ್ಯೂ ನೋಡಿದ್ವಿ.’ ಅಂತೂ ಸಂಡೂರಿನ ಮಣ್ಣು ಸಮುದ್ರ ದಾಟಿ ಹೋಯಿತು, ಸಂಡೂರಿನವನು ಮರಳಿನ ಮೇಲೆ ಕಾಲಿಡಲಿಲ್ಲ.

ಇಲ್ಲಿ ನನ್ನ ಚರಿತ್ರೆ ಜ್ಞಾನ ಎದ್ದು ಕೂತಿತು. ‘ಅದಿರು ಆಮೇಲಿನ ಮಾತು. ಮೊದಲು ಇಲ್ಲಿಗೂ ಕಡಲಿಗೂ ನಂಟು ಬೆಳೆಸಿದ್ದು ಕುದುರೆ’ ಅಂದೆ. ಮಕ್ಕಳು ಮೆಲ್ಲಗೆ ಫೋನ್ ತೆಗೆದರು. ನಾನು ಬಿಡಲಿಲ್ಲ. ವಿಜಯನಗರಕ್ಕೆ ಕುದುರೆ ಬರುತ್ತಿದ್ದದ್ದು ಹೊರ್ಮುಜ್, ಏಡನ್ ಕಡೆಯಿಂದ. ಹಡಗಿನಲ್ಲಿ ಬಂದು ಭಟ್ಕಳ, ಹೊನ್ನಾವರ, ಗೋವಾದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಗೆ ಹೋಗಿ ನೋಡಿ, ಲಗಾಮು ಹಿಡಿದವರ ಹಿಂದೆ ಸಾಲಾಗಿ ಅವೇ ಕುದುರೆಗಳು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಚೂಪು ಟೋಪಿಯ ಪರದೇಶಿ ವ್ಯಾಪಾರಿಗಳೂ ಇದ್ದಾರೆ. ಆ ಟೋಪಿಯವರನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಹಂಪಿಗೆ ಬಂದ ಮೊದಲ ಫಾರಿನ್ ಟೂರಿಸ್ಟುಗಳು ಇವರೇ ಇರಬೇಕು. ಬೆಲೆ ಮಾತ್ರ ಇವರು ಹೇಳಿದ್ದೇ.

ಸುಮ್ಮನೆ ಹೇಳುತ್ತಿಲ್ಲ. 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹ ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಲ್ಲೇ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯಷ್ಟೇ ದುಡ್ಡು ಎಣಿಸುತ್ತಿದ್ದನಂತೆ. ಬರೆದವನೂ ಕುದುರೆ ಮಾರುವವನೇ ಆದ್ದರಿಂದ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಮನೆಯಾಕೆ ಇದನ್ನು ಕೇಳಿ, ‘ಆ ಕಾಲಾನೇ ಚೆನ್ನಾಗಿತ್ತು. ಈಗ ಎರಡು ದಿನ ಮೊದಲು ರೂಮ್ ಬೇಡ ಅಂದ್ರೂ ಅಡ್ವಾನ್ಸ್ ವಾಪಸ್ ಕೊಡಲ್ಲ’ ಅಂದಳು. ಐನೂರು ವರ್ಷದ ಚರಿತ್ರೆಯನ್ನು ಅವಳಂತೆ ಒಂದೇ ಏಟಿಗೆ ಮನೆಖರ್ಚಿಗೆ ಇಳಿಸುವವರನ್ನು ನಾನು ಬೇರೆ ಕಂಡಿಲ್ಲ.

ಮಿರ್ಜಾನ್ ಬಗ್ಗೆ ಮಾವನ ತಕರಾರು ಮುಗಿದಿರಲಿಲ್ಲ. ಅಘನಾಶಿನಿ ಹೊಳೆಯ ಹತ್ತಿರದ ಕೋಟೆ, ಕೆಂಪು ಚಿರೆಕಲ್ಲಿನದು, ಮಳೆಗಾಲ ಕಳೆದ ಹೊಸತರಲ್ಲಿ ಗೋಡೆಯೆಲ್ಲ ಪಾಚಿ ಹಸಿರು, ಒಳಗೆ ಬಾವಿಗಳು ಅಂತ ಮಗಳು ಚಿತ್ರ ತೋರಿಸಿದಳು. ಮಾವ ಕನ್ನಡಕ ಏರಿಸಿ, ‘ಇಟ್ಟಿಗೆ ಇದ್ದಂಗೆ ಐತಲ್ಲ ಇದು, ಕಲ್ಲೇನಾ?’ ಅಂದರು. ಕಣಶಿಲೆಯ ಬಂಡೆ ನೋಡಿ ಬೆಳೆದ ಕಣ್ಣಿಗೆ ತೂತುತೂತಾದ ಚಿರೆಕಲ್ಲು ಕಲ್ಲೇ ಅಲ್ಲ. ಆದರೆ ಆ ಕೋಟೆಯೊಂದಿಗೆ ಹೆಸರು ಸೇರಿಕೊಂಡಿರುವ ಗೇರುಸೊಪ್ಪೆಯ ಚೆನ್ನಭೈರಾದೇವಿ ವಿಜಯನಗರಕ್ಕೆ ಸಾಮಂತಳಾಗಿದ್ದವಳು, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು ಅಂತ ಹೇಳಿದ ಮೇಲೆ, ‘ಹಂಗಾದ್ರೆ ನಮ್ಮ ಕಡೆಯವಳೇ ಅನ್ನು’ ಅಂತ ಒಪ್ಪಿಗೆ ಕೊಟ್ಟರು.

ತಮಾಷೆ ಏನೆಂದರೆ, ನಾವು ಇಷ್ಟು ತಲೆ ಕೆಡಿಸಿಕೊಳ್ಳುವ ಈ ದಾರಿಯನ್ನು ಬಿಳಿಯರು ಕಣ್ಣು ಮುಚ್ಚಿಕೊಂಡು ತುಳಿಯುತ್ತಾರೆ. ಗೋವಾ, ಹಂಪಿ, ಗೋಕರ್ಣ ಅವರಿಗೆ ಒಂದೇ ಓಣಿಯ ಮೂರು ಮನೆ. ವಾಸ್ಕೊದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ಸಿನಿಂದ ಬೆನ್ನಿಗೆ ಚೀಲ ಏರಿಸಿಕೊಂಡು ಇಳಿಯುವುದು, ಹೊಳೆ ದಾಟಿ ವಿರೂಪಾಪುರ ಗಡ್ಡೆಯಲ್ಲಿ ವಾರಗಟ್ಟಲೆ ಮಲಗುವುದು, ಆಮೇಲೆ ರಾತ್ರಿ ಬಸ್ಸಿನಲ್ಲಿ ಗೋಕರ್ಣ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗಡ್ಡೆಯ ರೆಸಾರ್ಟುಗಳು ನೆಲಸಮ ಆದವು, ಆದರೂ ಓಡಾಟ ನಿಂತಿಲ್ಲ. ನಮಗೆ ಮಾತ್ರ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರಿಗೆ ಇಡೀ ಬಳಗದ ಸಭೆ. ಹುಬ್ಬಳ್ಳಿ–ಅಂಕೋಲಾ ರೈಲಿನಲ್ಲೇ ಹೋಗೋಣ ಅಂತ ಮಾವ ಸೂಚಿಸಿದರು. ಆ ರೈಲು ದಶಕಗಳಿಂದ ಕಾಗದದ ಮೇಲೆ ಚೆನ್ನಾಗಿಯೇ ಓಡುತ್ತಿದೆ ಅಂತ ನೆನಪಿಸಬೇಕಾಯಿತು.

ಮಗ ಒಂದು ಮಾತು ಹೇಳಿದಾಗ ಮಾತ್ರ ನಾನು ನಗಲಿಲ್ಲ. ‘ನಂಗೆ ಈಜು ಬರುತ್ತಪ್ಪ, ರಾಯ ಕಾಲುವೆಯಲ್ಲೇ ಕಲಿತಿದ್ದೀನಿ.’ ವಿಜಯನಗರದ ಅರಸರು ತೋಡಿಸಿದ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತೆ, ನಮ್ಮ ಹುಡುಗರು ಅದರಲ್ಲೇ ಧುಮುಕಿ ಕಲಿಯುತ್ತಾರೆ, ನಿಜ. ಆದರೆ ಕಾಲುವೆ ಒಂದೇ ಕಡೆ ಎಳೆಯುತ್ತದೆ, ಕಡಲು ಹಾಗಲ್ಲ. ಓಂ ಬೀಚಿನ ಬಂಡೆ ಹಂಪಿಯ ಬಂಡೆಯೂ ಅಲ್ಲ, ಪಾಚಿ ಕಟ್ಟಿರುತ್ತೆ, ಅಲೆ ಯಾವಾಗ ಮೇಲೇರುತ್ತೋ ಗೊತ್ತಾಗಲ್ಲ. ಮೊಣಕಾಲು ಮುಳುಗುವಷ್ಟು ಇಳಿ, ಲೈಫ್‌ಗಾರ್ಡ್ ಸೀಟಿ ಊದಿದರೆ ವಾಪಸ್ ಬಾ ಅಂದೆ. ಮಳೆಗಾಲದಲ್ಲಿ ಹೋಗುವ ಮಾತನ್ನೂ ಅಲ್ಲೇ ತುಂಡರಿಸಿದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿದದ್ದನ್ನು ಲಾರಿಯ ಜನ ಮರೆಯುವುದಿಲ್ಲ. ಷಡ್ಡಕ ಅದಕ್ಕೆ ಏನೂ ಮಾತಾಡದೆ ತಲೆಯಾಡಿಸಿದ.

ಡಿಸೆಂಬರ್ ಅಂತ ನಿಕ್ಕಿ ಆಯಿತು. ಬುತ್ತಿಯ ಪಟ್ಟಿ ಶುರುವಾಯಿತು: ಕಟಿಗಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. ‘ಅಲ್ಲಿ ಕುಚ್ಚಲಕ್ಕಿಯಂತೆ’ ಅಂತ ಮಾವ ಕಂಪ್ಲಿ ಅಕ್ಕಿಯ ಒಂದು ಚೀಲ ಸೇರಿಸಿದರು. ಬೀಚಿನಿಂದ ಬೀಚಿಗೆ ಗುಡ್ಡ ಹತ್ತಿ ಇಳಿಯುವಾಗ ಆ ಚೀಲ ಹೊರುವವರು ಯಾರು ಅನ್ನುವುದನ್ನು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು.

ರೂಮಿಗೆ ಫೋನ್ ಹಚ್ಚಿದ್ದು ಮನೆಯಾಕೆ. ಸ್ಪೀಕರ್ ಹಾಕಿದ್ದಳು.

‘ಎಲ್ಲಿಂದ ಬರೋದು?’

‘ಹೊಸಪೇಟೆ.’

‘ಹಂಪಿ ಹತ್ತಿರ ಅಲ್ವಾ ಮಾರಾಯ್ರೇ! ನಮ್ಮನೆಯವರೂ ಎಷ್ಟು ದಿನದಿಂದ ಹೇಳ್ತಿದ್ದಾರೆ. ಈ ಕಡಲು ನೋಡಿ ನೋಡಿ ಸಾಕಾಗಿದೆ. ಒಂದು ಹಳೇ ಗುಡಿ, ಹತ್ತಲಿಕ್ಕೆ ನಾಲ್ಕು ಬಂಡೆ...’

ಮನೆಯಾಕೆ ಹೊತ್ತು ಕಳೆಯಲಿಲ್ಲ. ‘ಬನ್ನಿ, ನಮ್ಮ ಮಾಳಿಗೆ ಮೇಲಿನ ರೂಮ್ ಖಾಲಿ ಇದೆ, ಊಟಾನೂ ನಮ್ಮಲ್ಲೇ. ಹಂಪಿ ನಮ್ಮ ಯಜಮಾನ್ರು ತೋರಿಸ್ತಾರೆ. ನಿಮ್ಮ ರೇಟು ಸ್ವಲ್ಪ ನೋಡಿ ಮಾಡಿ ಹೇಳಿ.’ ಆ ಕಡೆಯವರು ಮಾಡಿದರು, ಚೆನ್ನಾಗಿಯೇ ಮಾಡಿದರು. ಫೋನ್ ಇಡುವ ಮೊದಲು ಒಂದು ಕೇಳಿದರು:

‘ಉತ್ಸವಕ್ಕೇ ಬರೋಣ ಅಂತ. ಈ ಸಲ ಹಂಪಿ ಉತ್ಸವ ಯಾವ ತಾರೀಖಿಗೆ?’

ಮನೆಯಾಕೆ ನನ್ನ ಮುಖ ನೋಡಿದಳು. ನಾನು ಷಡ್ಡಕನ ಮುಖ ನೋಡಿದೆ. ಮಾವ ಅಕ್ಕಿ ಚೀಲಕ್ಕೆ ಹುರಿ ಬಿಗಿಯುತ್ತಾ, ತಲೆಯೆತ್ತದೆ ಹೇಳಿದರು:

‘ನವೆಂಬರಿಂದ ಮಾರ್ಚ್ ಒಳಗೆ ಅನ್ನವ್ವಾ.’