ಭಟ್ರ ಉಳಿತಾಯ

ಕರಾವಳಿಯಿಂದ ಗಲ್ಫಿಗೆ ಹೋದವರು ಕಾರು ಕೊಳ್ಳುವುದಕ್ಕೊಂದು ಕ್ರಮ ಉಂಟು. ಮೊದಲ ಕೆಲವು ವರ್ಷ ಬಸ್ಸು, ಮೆಟ್ರೊ, ಸ್ನೇಹಿತರ ಕಾರಿನ ಹಿಂದಿನ ಸೀಟು. ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕಾರು ಸಲ ಫೇಲಾಗಿ, ಕೊನೆಗೂ ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ಸೆಕೆಂಡ್‌ಹ್ಯಾಂಡ್ ಕೊರೊಲ್ಲಾ, ಇಲ್ಲವೇ ಸನ್ನಿ. ಬಣ್ಣ ಬಿಳಿ. ಬೇರೆ ಬಣ್ಣದ ಸುದ್ದಿ ಎತ್ತಿದವನನ್ನು ಹಿರಿಯರು ಬದಿಗೆ ಕರೆದು ಬುದ್ಧಿ ಹೇಳುತ್ತಾರೆ.

ಈ ಕ್ರಮಕ್ಕೆ ಸಿಗದವರು ಪ್ರತಿ ಊರಿನ ಕನ್ನಡ ಸಂಘದಲ್ಲೂ ಒಬ್ಬರು ಇರುತ್ತಾರೆ. ಶಾರ್ಜಾದಲ್ಲಿ ನಮ್ಮ ಪಾಲಿಗೆ ಬಂದವರು ಭಟ್ರು. ದುಬೈಯಲ್ಲಿ ಅಕೌಂಟೆಂಟ್. ಒಂದೇ ಟೀ ಬ್ಯಾಗಿನಲ್ಲಿ ತಮಗೂ ಅತಿಥಿಗಳಿಗೂ ಚಹಾ ಮಾಡಬಲ್ಲವರು. ಅಂಥವರು ದಿನಾ ಆಫೀಸಿಗೆ ಹೋಗುವುದು ಫೋರ್ಡ್ ಕ್ರೌನ್ ವಿಕ್ಟೋರಿಯಾದಲ್ಲಿ. 4.6 ಲೀಟರಿನ ವಿ-ಏಟ್ ಇಂಜಿನ್, 5.38 ಮೀಟರ್ ಉದ್ದ, ಸುಮಾರು 1,900 ಕೆ.ಜಿ. ತೂಕ. ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಯಾಗಿ, ಹಾಲಿವುಡ್ ಸಿನಿಮಾಗಳಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಪೊಲೀಸ್ ಕಾರಾಗಿ ನೀವು ನೋಡಿರುತ್ತೀರಿ. ಅದೇ ಗಾಡಿ. ನಮ್ಮಲ್ಲಿ ಅದರ ಹಿಂದಿನ ಗಾಜಿನ ಮೇಲೆ ‘ಶ್ರೀ ಕೃಷ್ಣ’ ಎಂದು ಉಂಟು.

‘ಇಷ್ಟವಾಯಿತು, ತಗೊಂಡೆ’ ಎಂಬ ಮಾತು ಭಟ್ರ ಬಾಯಿಂದ ಇವತ್ತಿನವರೆಗೆ ಬಂದಿಲ್ಲ. ಕೇಳಿದರೆ ಜೇಬಿನಿಂದ ಪೆನ್ನು ಹೊರಗೆ ಬರುತ್ತದೆ.

“ಲೆಕ್ಕ ನೋಡಿ ಮಾರಾಯ್ರೆ. ಕೊರೊಲ್ಲಾಕ್ಕೆ ಹತ್ತು ವರ್ಷ ಆದ್ರೂ ರೇಟು ಇಳಿಯುದಿಲ್ಲ. ಇದು ಶೋರೂಮಿನ ಗೇಟು ದಾಟುವಾಗ್ಲೇ ಇಳೀಲಿಕ್ಕೆ ಸುರು. ಪೂರಾ ಇಳಿದು ತಳ ಮುಟ್ಟಿದ ಮೇಲೆ ನಾನು ತಗೊಂಡದ್ದು. ಇನ್ನು ಇಳೀಲಿಕ್ಕೆ ಜಾಗ ಎಲ್ಲುಂಟು?”

ಅದನ್ನು ಮುಂದೆ ಯಾರಿಗೆ ಮಾರುವುದು ಎಂದು ಕೇಳಿದವರೊಡನೆ ಭಟ್ರು ಎರಡು ವಾರ ಸರಿಯಾಗಿ ಮಾತನಾಡುವುದಿಲ್ಲ.

ಕಾರು ಆರಿಸುವಾಗಿನ ಭಟ್ರನ್ನು ನೋಡಬೇಕು. ಶಾರ್ಜಾದ ಸೂಕ್ ಅಲ್ ಹರಾಜ್ ಮಾರುಕಟ್ಟೆಗೆ ಕಾಲಿಟ್ಟರೆ ಅವರ ನಡಿಗೆಯೇ ಬೇರೆ. ಕೈಯಲ್ಲಿ ಟಾರ್ಚು, ಹೆಗಲಲ್ಲಿ ಬೈರಾಸು. ಮೊದಲನೆಯ ಪ್ರಶ್ನೆ: ಜಿಸಿಸಿ ಸ್ಪೆಕ್ಕಾ, ಅಮೆರಿಕನ್ ಸ್ಪೆಕ್ಕಾ? ಜಿಸಿಸಿ ಎಂದರೆ ಇಲ್ಲಿನ ಬಿಸಿಲಿಗೆ ಬೇಕಾದ ರೇಡಿಯೇಟರು, ಎಸಿ ಇಟ್ಟುಕೊಂಡು ಹೊಸದಾಗಿ ಇಲ್ಲಿಗೇ ಬಂದದ್ದು. ಅಮೆರಿಕನ್ ಸ್ಪೆಕ್ ಎಂದರೆ ಅಲ್ಲಿ ಗುದ್ದಿಸಿಕೊಂಡೋ ನೆರೆಯಲ್ಲಿ ಮುಳುಗಿಯೋ ವಿಮೆಯವರು ಕೈಬಿಟ್ಟು, ಹರಾಜಿನಲ್ಲಿ ಹೋಗಿ, ಹಡಗು ಹತ್ತಿ ಬಂದದ್ದೂ ಇರಬಹುದು. ಭಟ್ರು ಸೀಟಿನಡಿಯ ಕಾರ್ಪೆಟ್ ಎತ್ತಿ ಮೂಸುತ್ತಾರೆ. ಊರಿನಲ್ಲಿ ಹೊಳೆಯ ಪಕ್ಕದಲ್ಲಿ ಹುಟ್ಟಿದವರಿಗೆ ನೆರೆನೀರಿನ ವಾಸನೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮಾರುವವನು ಮೀಟರು ತೋರಿಸಿ “ಬರೀ ತೊಂಬತ್ತು ಸಾವಿರ” ಎಂದರೆ, “ಕಿಲೋಮೀಟರಾ, ಮೈಲಾ?” ಎಂದು ಕೇಳಿ ಅವನ ಮುಖವನ್ನೇ ನೋಡುತ್ತಾರೆ. ಆಮೇಲೆ ಬಾನೆಟ್ಟಿನೊಳಗೆ ತಲೆ. 2001ರವರೆಗಿನ ಕೆಲವು ಮಾಡೆಲುಗಳಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಪೂರ್ತಿ ಪ್ಲಾಸ್ಟಿಕ್ಕಿನದು, ಬಿರುಕು ಬಿಟ್ಟು ಕೂಲೆಂಟ್ ಸೋರುತ್ತದೆ. ಮುಂದಿನ ಭಾಗ ಅಲ್ಯೂಮಿನಿಯಂ ಇದ್ದರೆ ಮಾತ್ರ ಮಾತುಕತೆ. ಟ್ಯಾಕ್ಸಿಯಾಗಿದ್ದ ಗಾಡಿ ಬೇಡ. ವಾರಕ್ಕೊಮ್ಮೆ ಮಸೀದಿಗೂ ಸಂಬಂಧಿಕರ ಮನೆಗೂ ಹೋಗಿ ಬಂದ ಅರಬ್ ಅಜ್ಜನ ಗಾಡಿ ಸಿಕ್ಕಿದರೆ ಪರಮಾನಂದ. ಇಷ್ಟು ಜಾತಕ ನೋಡಿದ್ದರೆ ನನಗೊಂದು ಸಂಬಂಧ ಯಾವತ್ತೋ ಕೂಡಿ ಬರುತ್ತಿತ್ತು ಎಂದು ನಮ್ಮ ಬ್ಯಾಚುಲರ್ ಮಿತ್ರರೊಬ್ಬರು ಅಲ್ಲೇ ನಿಂತು ಗೊಣಗಿದ್ದುಂಟು.

ಭಟ್ರಿಗೊಬ್ಬರು ಪ್ರತಿಸ್ಪರ್ಧಿ ಇದ್ದಾರೆ, ಕುಂದಾಪುರ ಕಡೆಯ ಶೆಟ್ರು. ಅವರದು ಶೆವ್ರೊಲೆ ಕ್ಯಾಪ್ರಿಸ್. ಸಂಘದ ಊಟದಲ್ಲಿ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬಾರದು. ಕೂರಿಸಿದರೆ ‘ಅಸಲಿ ಅಮೆರಿಕನ್ ಗಾಡಿ ಯಾವುದು’ ಎಂಬಲ್ಲಿಂದ ತೊಡಗಿ ಪಾಯಸದವರೆಗೂ ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಎರಡೂ ಅಲ್ಲ. 1999ರಿಂದ ಗಲ್ಫಿಗೆ ಬಂದ ಕ್ಯಾಪ್ರಿಸ್‌ಗಳು ಆಸ್ಟ್ರೇಲಿಯಾದ ಹೋಲ್ಡನ್‌ನವರು ಕಟ್ಟಿದವು, ಮೇಲೆ ಶೆವ್ರೊಲೆಯ ಲಾಂಛನ. ಕ್ರೌನ್ ವಿಕ್ಟೋರಿಯಾ ಕೆನಡಾದ ಒಂಟಾರಿಯೊದ ಸೇಂಟ್ ಥಾಮಸ್ ಕಾರ್ಖಾನೆಯದು. ಒಮ್ಮೆ ನಾನಿದನ್ನು ಬಾಯಿಬಿಟ್ಟು ಹೇಳಿದೆ. ಶೆಟ್ರು ಕೇಳಿಸದವರಂತೆ ಹಪ್ಪಳ ಮುರಿದರು. ಭಟ್ರು ಸೋಲಲಿಲ್ಲ.

“ಕೆನಡಾ ಅಮೆರಿಕ ಅಂದ್ರೆ ಉಡುಪಿ ಮಂಗಳೂರು ಇದ್ದ ಹಾಗೆ. ಆಸ್ಟ್ರೇಲಿಯಾ ಎಲ್ಲಿ ಉಂಟು ಮಾರಾಯ್ರೆ?”

ಅಮೆರಿಕದಲ್ಲೇ ಈ ಗಾಡಿಯ ಕಥೆ ಬೇಗ ಮುಗಿಯಿತು. 2008ರ ಮಾಡೆಲಿನಿಂದ ಅಲ್ಲಿ ಪೊಲೀಸರು, ಟ್ಯಾಕ್ಸಿಯವರಂಥ ದೊಡ್ಡ ಗಿರಾಕಿಗಳಿಗೆ ಮಾತ್ರ ಕೊಡುತ್ತಿದ್ದರು; ಮನೆಮಂದಿ ಹೋಗಿ ಹೊಸತು ಕೊಳ್ಳುವಂತಿರಲಿಲ್ಲ. ಗಲ್ಫಿನವರು ಮಾತ್ರ ಬಿಡಲಿಲ್ಲ. 2011ರ ಸೆಪ್ಟೆಂಬರ್ 15ರಂದು ಸೇಂಟ್ ಥಾಮಸ್‌ನಿಂದ ಹೊರಬಂದ ಕೊನೆಯ ಕ್ರೌನ್ ವಿಕ್ಟೋರಿಯಾ ಕೂಡ ಸೌದಿ ಅರೇಬಿಯಾಕ್ಕೇ ಹೋಗುವುದಿತ್ತು. ಆ ತಾರೀಕನ್ನು ಭಟ್ರು ಅಜ್ಜನ ತಿಥಿಯಷ್ಟೇ ಖಚಿತವಾಗಿ ಹೇಳುತ್ತಾರೆ.

ಇನ್ನು ಪೆಟ್ರೋಲು. ಊರೊಳಗೆ ಲೀಟರಿಗೆ ಆರೇಳು ಕಿಲೋಮೀಟರ್, ಹೈವೇಯಲ್ಲಿ ಹತ್ತು. ಇದರಲ್ಲೂ ಭಟ್ರಿಗೆ ಉಳಿತಾಯ ಕಾಣುತ್ತದೆ. “ಜರ್ಮನ್ ಗಾಡಿಯವರಿಗೆ 98ರ ಸೂಪರ್ ಬೇಕು. ನಮ್ಮದಕ್ಕೆ 91ರ ಇ-ಪ್ಲಸ್ ಸಾಕು. ಒಂದೊಂದು ಲೀಟರಿಗೂ ಲಾಭವೇ.” ಲೀಟರು ಹೆಚ್ಚು ಕುಡಿದಷ್ಟೂ ಲಾಭ ಹೆಚ್ಚು ಎಂಬ ಈ ಲೆಕ್ಕಕ್ಕೆ ಉತ್ತರ ಕೊಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. 2015ರ ಆಗಸ್ಟಿನಿಂದ ಯುಎಇಯಲ್ಲಿ ಪೆಟ್ರೋಲಿನ ದರ ತಿಂಗಳು ತಿಂಗಳು ಬದಲಾಗುತ್ತದೆ. ಮರುದಿನ ಹತ್ತು ಫಿಲ್ಸ್ ಏರುತ್ತದೆ ಎಂದು ಗೊತ್ತಾದ ರಾತ್ರಿ ಭಟ್ರು 72 ಲೀಟರಿನ ಟ್ಯಾಂಕು ತುಂಬಿಸಲು ಬಂಕಿನ ಸಾಲಿನಲ್ಲಿ ಮುಕ್ಕಾಲು ಗಂಟೆ ಎಸಿ ಹಾಕಿಕೊಂಡು ಕಾಯುತ್ತಾರೆ. ಉಳಿಯುವುದು ಏಳು ದಿರಹಂ. ಕೆಲವೇ ದಿರಹಮಿನ ಸಾಲಿಕ್ ಟೋಲ್ ತಪ್ಪಿಸಲು ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಸುತ್ತು ಹೊಡೆಯುವುದೂ ಉಂಟು. ಇನ್ನೂರಕ್ಕೂ ಮಿಕ್ಕಿದ ಹಾರ್ಸ್‌ಪವರ್ ಇಟ್ಟುಕೊಂಡು ಬಲಬದಿಯ ಲೇನಿನಲ್ಲಿ ಎಂಬತ್ತರಲ್ಲಿ ಹೋಗುತ್ತಾರೆ. ನೀರಿನ ಟ್ಯಾಂಕರುಗಳು ಅವರನ್ನು ಹಿಂದೆ ಹಾಕುತ್ತವೆ.

ಅಷ್ಟೆಲ್ಲ ಹಾಸ್ಯ ಮಾಡುವ ನಾವು ಊರಿಗೆ ಹೊರಟ ದಿನ ಫೋನು ಮಾಡುವುದು ಯಾರಿಗೆ? ಭಟ್ರಿಗೇ. ಸುಮಾರು 580 ಲೀಟರಿನ ಡಿಕ್ಕಿ ಬೇರೆ ಯಾರಲ್ಲೂ ಇಲ್ಲ. ಊರಿನಿಂದ ಯಕ್ಷಗಾನದವರು ಬಂದರಂತೂ ಭಟ್ರಿಗೆ ಆಫೀಸಿಗೆ ರಜೆ. ಚೆಂಡೆ, ಮದ್ದಳೆ, ವೇಷದ ಪೆಟ್ಟಿಗೆ ಎಲ್ಲ ಡಿಕ್ಕಿಗೆ. ಗೇರು ಸ್ಟೇರಿಂಗಿನ ಬುಡದಲ್ಲಿರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು: ಭಟ್ರು, ಭಾಗವತರು, ನಡುವೆ ಮೊಣಕಾಲು ಮಡಚಿಕೊಂಡ ಸ್ತ್ರೀವೇಷದವರು. ಹಿಂದೆ ರಾಕ್ಷಸರು ಮೂವರು ಕಿರೀಟಗಳನ್ನು ತೊಡೆಯ ಮೇಲಿಟ್ಟುಕೊಂಡು. “ಅಂಬಾಸಡರ್ ಟ್ಯಾಕ್ಸಿಯಲ್ಲಿ ಹೋದ ಹಾಗೇ ಉಂಟಲ್ಲ ಭಟ್ರೇ!” ಎಂದು ಭಾಗವತರೊಬ್ಬರು ಹೇಳಿದಾಗ ಭಟ್ರ ಮುಖ ಕೆಂಪಾದದ್ದನ್ನು ನಾನು ನೋಡಿದ್ದೇನೆ. ಲೆಕ್ಕದ ಮಾತು ಆವತ್ತು ಬರಲಿಲ್ಲ.

ಊರಿಗೆ ಒಯ್ಯುವ ಆಸೆಯೂ ಇತ್ತು. ಹೊರದೇಶದ ಹಳೆಯ ಕಾರು ಭಾರತಕ್ಕೆ ಬರಬೇಕಾದರೆ 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಭಟ್ರ ಗಾಡಿ ಎರಡರಲ್ಲೂ ಫೇಲು. “ಒಳ್ಳೇದೇ ಆಯ್ತು, ಅಲ್ಲಿನ ಗೇಟಿನಲ್ಲಿ ಹೇಗೂ ಹಿಡಿಯುದಿಲ್ಲ” ಎಂದು ಅವರ ಹೆಂಡತಿ ಹೇಳಿದರು. ಹೆಂಡತಿಯ ಬಳಿಯೂ ಲೈಸೆನ್ಸ್ ಉಂಟು, ಈ ಗಾಡಿ ಮಾತ್ರ ಮುಟ್ಟುವುದಿಲ್ಲ. “ಮದುವೆ ಮನೆಗೆ ಹೋದ್ರೆ ಇವರು ಪಾರ್ಕ್ ಮಾಡಿ ಬರುವಾಗ ನನ್ನ ಊಟ ಆಗಿ ಕೈ ತೊಳ್ದಿರ್ತದೆ.”

ಮೊನ್ನೆ ರಾತ್ರಿ ಭಟ್ರ ಫೋನು ಬಂತು, ಸ್ವರ ತಗ್ಗಿಸಿಕೊಂಡು.

“ಅಜ್ಮಾನಿನಲ್ಲಿ ಒಂದು ಲಿಂಕನ್ ಟೌನ್ ಕಾರ್ ಉಂಟು ಮಾರಾಯ್ರೆ. ಅಜ್ಜನ ಗಾಡಿ. ಇದಕ್ಕಿಂತ ಬರೀ ಒಂಬತ್ತು ಸೆಂಟಿಮೀಟರ್ ಉದ್ದ.”

“ಎರಡೆರಡು ಯಾಕೆ ಭಟ್ರೇ?”

“ಅಡಿಯ ಚಾಸಿ ಒಂದೇ ಜಾತಿಯದ್ದು, ಇಂಜಿನ್ನೂ ಅದೇ. ಇದರ ಪಾರ್ಟ್ಸು ಅದಕ್ಕೆ ಆಗ್ತದೆ, ಅದರದ್ದು ಇದಕ್ಕೆ. ಒಟ್ಟು ನೋಡಿದ್ರೆ ಉಳಿತಾಯವೇ. ನಾಳೆ ಬೆಳಿಗ್ಗೆ ಬರ್ತೀರಲ್ಲ? ಮನೆಯಲ್ಲಿ ಕೇಳಿದ್ರೆ ನಿಮ್ಮನ್ನು ಏರ್‌ಪೋರ್ಟಿಗೆ ಬಿಡ್ಲಿಕ್ಕುಂಟು ಅಂತ ಹೇಳಿದ್ದೇನೆ. ಒಂದು ಸೂಟ್‌ಕೇಸ್ ಹಿಡ್ಕೊಂಡು ಕೆಳಗೆ ನಿಂತ್ಕೊಳ್ಳಿ.”