ಕಾಗೆ ಮಂಜೂರು ಮಾಡಿದ ರಜೆ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ ಸೀಮೆಯಲ್ಲಿ ಹೆಣ್ಣುಮಗಳಿಗೆ ರಜೆ ಕೊಡುವ ಅಧಿಕಾರ ಅತ್ತೆಗಿಲ್ಲ, ಗಂಡನಿಗಿಲ್ಲ, ತಹಶೀಲ್ದಾರರಿಗೂ ಇಲ್ಲ. ಅದು ಕಾಗೆಗೆ ಮೀಸಲು. “ಕಾಗಿ ಮುಟ್ಟೈತಿ” ಎಂದು ಒಂದು ಮಾತು ಬಿದ್ದರೆ ಮುಗಿಯಿತು. ಅರ್ಜಿ ಬೇಡ, ಡಾಕ್ಟರ ಚೀಟಿ ಬೇಡ. ಅತ್ತೆ ಗೊಣಗುತ್ತಲೇ ರೊಟ್ಟಿ ಬಡಿಯಲು ಕೂಡುತ್ತಾಳೆ, ಗಂಡ ಕೌದಿ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋಗುತ್ತಾನೆ. ಹೆಂಡತಿ ಬಾಯಿಬಿಟ್ಟು “ಇವತ್ತು ಒಲ್ಲೆ” ಅಂದರೆ ಕೇಳಿಸದ ಕಿವಿಗೆ ಕಾಗೆ ಅಂದದ್ದು ಚೆನ್ನಾಗಿ ಕೇಳಿಸುತ್ತದೆ.

ಕರ್ನಾಟಕ ಸರ್ಕಾರ ಈ ವಿಷಯದಲ್ಲಿ ಕಾಗೆಗಿಂತ ಬಹಳ ಹಿಂದೆ. 2025ರ ಅಕ್ಟೋಬರ್ 9ರಂದು ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು: ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಹಿತ. ಕಾಗೆಯದು ತಿಂಗಳಿಗೆ ಮೂರು, ವರ್ಷಕ್ಕೆ 36. ಸರ್ಕಾರದ ರಜೆ ಕಚೇರಿ, ಕಾರ್ಖಾನೆಯ ಬಾಗಿಲಿಗೇ ಮುಗಿಯುತ್ತದೆ. ಕಾಗೆಯ ರಜೆ ಒಲೆಯನ್ನೂ ಹಾಸಿಗೆಯನ್ನೂ ಒಳಗೊಳ್ಳುತ್ತದೆ. ಸರ್ಕಾರದ ರಜೆಯನ್ನು ಪ್ರಶ್ನಿಸಿ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಕಾಗೆಯ ವಿರುದ್ಧ ರಿಟ್ ಹಾಕಿದ ಗಂಡ ಇನ್ನೂ ಹುಟ್ಟಿಲ್ಲ.

ಆದ್ದರಿಂದ “ಈ ಕಾಲದಾಗೂ ಹೆಣ್ಣಮಕ್ಕಳು ಹೊರಗ ಕೂಡ್ತಾರಲ್ಲ, ಏನ್ ಮೂಢನಂಬಿಕೆರೀ” ಎಂದು ಪಟ್ಟಣದಿಂದ ಬಂದವರು ಮರುಗಿದಾಗ ನನಗೆ ನಗು ಬರುತ್ತದೆ. ಹೊರಗೆ ಕೂತವಳನ್ನೇ ಕೇಳಿ ನೋಡಿ. “ಮೂರ್ ದಿನ ಮೈಗಿ ಆರಾಮ ನೋಡ್ರಿ” ಅನ್ನುತ್ತಾಳೆ. ಆ ಆರಾಮದೊಳಗೆ ಏನೇನು ಸೇರಿದೆ ಎಂದು ಕೇಳಿದರೆ ಸೆರಗು ಬಾಯಿಗೆ ಹಿಡಿಯುತ್ತಾಳೆ. ನಾಲ್ಕನೇ ದಿನ ಗಂಡ ಬಾಗಿಲಲ್ಲಿ ನಿಂತು “ಇನ್ನ ನಿಂತಿಲ್ಲೇನ?” ಎಂದು ಕೇಳುತ್ತಾನೆ. ರಕ್ತ ನಿಂತಿರುತ್ತದೆ. “ಇಲ್ರೀ” ಎಂಬ ಉತ್ತರ ಮಾತ್ರ ನಿಂತಿರುವುದಿಲ್ಲ. ಗಳಿಕೆ ರಜೆಯನ್ನು ಎರಡು ದಿನ ಮುಂದುವರಿಸುವ ಈ ಕಲೆಯನ್ನು ಯಾವ ಸರ್ಕಾರಿ ನೌಕರನೂ ಆಕೆಯಿಂದ ಕಲಿಯಬಹುದು.

ಇನ್ನು ಮೈಲಿಗೆಯ ಲೆಕ್ಕ. ಒಳಗಿನ ನೀರಿನ ಕೊಡ ಮುಟ್ಟಬಾರದು, ಉಪ್ಪಿನಕಾಯಿ ಮುಟ್ಟಬಾರದು, ದೇವರ ಜಗಲಿಯ ಕಡೆ ನೋಡಲೂಬಾರದು. ಹೊಲದಲ್ಲಿ ಹತ್ತಿ ಬಿಡಿಸಬಹುದು. ಆಳು ಸಿಗದ ಸುಗ್ಗಿಯಲ್ಲಿ ‘ನೀ ಒಳಗೋ ಹೊರಗೋ’ ಎಂದು ಯಾವ ಹೊಲದ ಸಾಹುಕಾರನೂ ಕೇಳಿದ್ದಿಲ್ಲ. ಆ ಹತ್ತಿ ಗುಡಿಯಲ್ಲಿ ದೀಪದ ಬತ್ತಿಯಾಗಿ ಉರಿಯುತ್ತದೆ. ಇಂಡಿ ತಾಲ್ಲೂಕಿನ ತೋಟದಲ್ಲಿ ಹೆಣ್ಣುಮಕ್ಕಳು ಹರಿದ ಲಿಂಬಿಹಣ್ಣು ಸರವಾಗಿ ದೇವಿಯ ಕೊರಳಿಗೆ ಬೀಳುತ್ತದೆ. ಹರಿದ ಕೈ ಒಳಗಿತ್ತೋ ಹೊರಗಿತ್ತೋ ಎಂದು ದೇವಿ ವಿಚಾರಿಸಿದ ದಾಖಲೆ ಇಲ್ಲ. ಮೈಲಿಗೆಗೆ ಕೂಲಿಯ ಲೆಕ್ಕ ಗೊತ್ತು.

ಇದೆಲ್ಲ ನಡೆಯುವುದು ಎಲ್ಲಿ? ಬಸವನ ಬಾಗೇವಾಡಿ ಇರುವ ಜಿಲ್ಲೆಯಲ್ಲಿ. ಹನ್ನೆರಡನೇ ಶತಮಾನದಲ್ಲಿ ಶರಣರು ಐದು ಸೂತಕಗಳನ್ನು ಒಟ್ಟಿಗೇ ಹೊರಹಾಕಿದರು: ಜನನ, ಮರಣ, ಜಾತಿ, ಎಂಜಲು, ಜೊತೆಗೆ ರಜಸ್ಸು. ಇಷ್ಟಲಿಂಗ ಕಟ್ಟಿಕೊಂಡ ಹೆಣ್ಣಿಗೆ ಮುಟ್ಟಿನ ದಿನವೂ ಪೂಜೆಗೆ ಅಡ್ಡಿಯಿಲ್ಲ ಎಂಬುದು ಲಿಂಗಾಯತ ಧರ್ಮದ ಮೊದಲ ಪಾಠಗಳಲ್ಲೊಂದು. ನಾವು ಬಸವಣ್ಣನ ಮಾತು ಮೀರುವವರಲ್ಲ. ಹೊರಹಾಕಿದ ಸೂತಕಕ್ಕೆ ಹೊರಗಿನ ಕಟ್ಟೆಯಲ್ಲೇ ಜಾಗ ಕೊಟ್ಟಿದ್ದೇವೆ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಕಚೇರಿಗಳಲ್ಲಿ ಭಾವಚಿತ್ರ ಬಂತು. ಮನೆಯ ಪಡಸಾಲೆಯಲ್ಲಿ ಅದು ಮೊದಲೇ ಇತ್ತು, ಮುಟ್ಟಾದ ಸೊಸೆ ಅದರ ಧೂಳು ಒರೆಸುವಂತಿಲ್ಲ ಅಷ್ಟೆ.

ಮುಟ್ಟಾದ ಹೆಂಡತಿಯನ್ನು ಕೂಡಿದರೆ ಗಂಡಸಿನ ಬುದ್ಧಿ, ತೇಜಸ್ಸು, ಬಲ, ಕಣ್ಣು, ಆಯುಷ್ಯ ಐದೂ ಕ್ಷೀಣಿಸುತ್ತವೆ ಎಂದು ಮನು ಹೆದರಿಸಿದ್ದಾನೆ. ಹೆಂಗಸಿಗೆ ಏನಾಗುತ್ತದೆ ಎಂದು ಆತ ತಲೆಕೆಡಿಸಿಕೊಂಡಿಲ್ಲ. ನಲವತ್ತಕ್ಕೇ ಚಾಳೀಸು ಹಾಕಿಕೊಂಡು ಕಟ್ಟೆಯ ಮೇಲೆ ಕೂತವರನ್ನು ಕಂಡಾಗಲೆಲ್ಲ ನನಗೆ ಸುಮ್ಮನೆ ಒಂದು ಅನುಮಾನ ಬರುತ್ತದೆ.

ಡಾಕ್ಟರರ ಮಾತು ಇಷ್ಟು ರಸವತ್ತಾಗಿಲ್ಲ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಚಾದಂಗಡಿಯ ಸಣ್ಣ ಕಪ್ಪಿನ ಅರ್ಧದಷ್ಟು. ಅದು ಕೆಟ್ಟ ರಕ್ತವಲ್ಲ, ವಿಷವಲ್ಲ. ಇಬ್ಬರಿಗೂ ಮನಸ್ಸಿದ್ದರೆ ಆ ದಿನಗಳಲ್ಲಿ ಕೂಡುವುದರಿಂದ ಯಾರ ಬುದ್ಧಿಯೂ ಹೋಗುವುದಿಲ್ಲ. ಕೆಲವು ಹೆಂಗಸರಿಗೆ ಹೊಟ್ಟೆನೋವು ಕಡಿಮೆಯಾಗುವುದೂ ಉಂಟು. ಆದರೆ “ಮುಟ್ಟಿನಾಗ ಬಸಿರು ನಿಲ್ಲೂದಿಲ್ಲ” ಎಂಬ ಕಟ್ಟೆಪುರಾಣ ನಂಬಬಾರದು. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಬಲ್ಲದು. ಇಪ್ಪತ್ತೊಂದು, ಇಪ್ಪತ್ತೆರಡು ದಿನಕ್ಕೇ ಮುಟ್ಟಾಗುವವಳಿಗೆ ಅಂಡಾಣು ಬೇಗ ಬರಬಹುದು, ಬಸಿರೂ ನಿಲ್ಲಬಹುದು. ರಕ್ತ ಇರುವುದರಿಂದ ಎಚ್‌ಐವಿ, ಹೆಪಟೈಟಿಸ್ ಬಿಯಂಥ ಸೋಂಕು ಒಬ್ಬರಿಂದೊಬ್ಬರಿಗೆ ದಾಟುವ ಸಂಭವ ಹೆಚ್ಚು. ಹಾಗಾಗಿ ನಿರೋಧ್ ಬೇಕೇ ಬೇಕು. ಇನ್ನೊಂದು ಮಾತು: ಕೂಡಿದ ಮೇಲೆ ರಕ್ತ ಕಂಡರೆ, ಅಥವಾ ಎರಡು ಮುಟ್ಟಿನ ನಡುವೆ ಕಂಡರೆ, ‘ಕಾಗಿ ಮತ್ತ ಬಂತು’ ಎಂದು ಹೊರಗೆ ಕೂಡುವುದಲ್ಲ, ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಹೀಗೂ ಮುನ್ಸೂಚನೆ ಕೊಡಬಹುದು.

ಇದನ್ನು ಹೇಳಿಕೊಡುವವರು ಯಾರು? ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ದಶಕಗಳಾದವು. ಶಾಲೆಯಲ್ಲಿ ಕಲಿಸೋಣವೆಂದು ಕೇಂದ್ರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಾಗ, 2007ರಲ್ಲಿ, ಬೇಡವೆಂದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿತು. ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲವಂತೆ. ಸಂಸ್ಕೃತಿ ಐದು ವರ್ಷ ತಡೆದುಕೊಂಡಿತು. 2012ರ ಫೆಬ್ರುವರಿಯಲ್ಲಿ ವಿಧಾನಸಭೆ ನಡೆಯುತ್ತಿರುವಾಗಲೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯದ ಆರೋಪ ಎದ್ದು ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರ ಖಾತೆ ಮಹಿಳಾ ಮತ್ತು ಮಕ್ಕಳ ಕಲ್ಯಾಣ. ವಯಸ್ಕರ ಶಿಕ್ಷಣಕ್ಕಾದರೂ ನಮ್ಮಲ್ಲಿ ಅಡ್ಡಿಯಿಲ್ಲವೆಂದಾಯಿತು.

ಉಳಿದ 27 ದಿನಗಳ ಕಥೆಗೆ ಬರೋಣ. ಕಾಗೆಯ ಅಧಿಕಾರ ಅಲ್ಲಿಲ್ಲ, ಕಾನೂನಿನದು ಇರಬೇಕಿತ್ತು. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪ ಹೊತ್ತ ಗಂಡನನ್ನು ಗಂಡ ಎಂಬ ಕಾರಣಕ್ಕೇ ಬಿಡಲಾಗದು ಎಂದರು. ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂತು. ವಸಾಹತು ಕಾಲದ ಕೊಳೆ ತೊಳೆದೆವು ಎಂದು ದಿಲ್ಲಿಯಲ್ಲಿ ಹಿಗ್ಗಿದರು. ತೊಳೆಯುವಾಗ ಒಂದು ಕಲೆಯನ್ನು ಜೋಪಾನವಾಗಿ ಉಳಿಸಿಕೊಂಡರು: 63ನೇ ಕಲಮಿನ ವಿನಾಯಿತಿಯ ಪ್ರಕಾರ ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರವಲ್ಲ. ಸಂಸತ್ತು ಒಂದು ದಿನವೂ ಕೊಡದ ಹಕ್ಕನ್ನು ಕಾಗೆ ಮೂರು ದಿನ ಕೊಡುತ್ತಿದೆ. ಸೊಸೆ ಯಾರನ್ನು ನಂಬಬೇಕು ಹೇಳಿ.

ನಂಬಿಕೆಗೂ ಬೆಲೆ ತೆರಬೇಕಾಗುತ್ತದೆ. ಗಂಡನ ಮೇಲೆ ಆಸೆಯಿದ್ದರೂ ಆ ಮೂರು ದಿನ ಆಕೆ ಹತ್ತಿರ ಹೋಗುವಂತಿಲ್ಲ, ಸೊಂಟ ಸೋತಾಗ ಆತ ಬೆನ್ನು ನೀವುವಂತೆಯೂ ಇಲ್ಲ. ಆಕೆಯ ‘ಬೇಕು’ ಎಂಬುದಕ್ಕೆ ಮೈಲಿಗೆ ಅಡ್ಡ, ‘ಬೇಡ’ ಎಂಬುದಕ್ಕೆ ತಾಳಿ ಅಡ್ಡ. ಆಕೆಯ ಮೈಯ ವಿಷಯದಲ್ಲಿ ಕಾಗೆ, ಅತ್ತೆ, ಮನು, ಸಂಸತ್ತು ಎಲ್ಲರೂ ಅಭಿಪ್ರಾಯ ಕೊಟ್ಟಾಗಿದೆ. ಆಕೆಯ ಸರದಿ ಬಂದಿಲ್ಲ.

ನಮ್ಮ ಪಕ್ಕದ ಕಲಬುರಗಿಯಲ್ಲಿ ಕೆಲವು ಆಸ್ಪತ್ರೆಯವರು ಇನ್ನೂ ಸುಲಭದ ದಾರಿ ಕಂಡುಹಿಡಿದಿದ್ದರು. ಬಿಳಿಸೆರಗು, ಸೊಂಟನೋವು, ಹೆಚ್ಚು ರಕ್ತಸ್ರಾವ ಎಂದು ಬಂದ ಬಡ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ ಗರ್ಭಕೋಶವನ್ನೇ ತೆಗೆದುಹಾಕುವುದು. 2015ರಲ್ಲಿ ಬಯಲಾದ ಈ ಪ್ರಕರಣದಲ್ಲಿ ಹೀಗೆ ಹೊಟ್ಟೆ ಕೊಯ್ಸಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು, ಬಹಳಷ್ಟು ಮಂದಿ ಲಂಬಾಣಿ ಮತ್ತು ದಲಿತ ಮನೆಗಳವರು. ಮುಟ್ಟೂ ಹೋಯಿತು, ಮುಟ್ಟಿನ ರಜೆಯೂ ಹೋಯಿತು.

ಗಂಡಸರ ಪಾಲು ಎಷ್ಟೆಂದು ಬೇಕಿದ್ದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದಲ್ಲಿ ಕುಟುಂಬ ಯೋಜನೆಗೆಂದು ಶಸ್ತ್ರಚಿಕಿತ್ಸೆಯ ಮೇಜು ಹತ್ತಿದ ಹೆಂಡತಿಯರು ಶೇ. 37.9. ಗಂಡಂದಿರು ಶೇ. 0.3. ಬಲ, ತೇಜಸ್ಸು ಕ್ಷೀಣಿಸುವ ಭಯ ಇಲ್ಲಿಯೂ ಕೆಲಸ ಮಾಡಿರಬೇಕು.

ಕಟ್ಟೆಯ ಮೇಲೆ ಕೂತ ಅಣ್ಣಗಳಿರಾ, ತಮ್ಮಗಳಿರಾ, ನಿಮ್ಮೂರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿ ನಿರೋಧ್ ಇರುತ್ತದೆ. ಆಕೆಯನ್ನು ಕೇಳಲು ನಾಚಿಕೆಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಇಸಿದುಕೊಂಡು ಬನ್ನಿ. ಹೆಂಡತಿಗೆ ಹೊಟ್ಟೆ ನೋಯುತ್ತಿದ್ದರೆ ಬಿಸಿನೀರಿನ ಚೀಲ ಕೊಡಿ, ಎರಡು ರೊಟ್ಟಿ ನೀವೇ ಬಡಿಯಿರಿ. ತಿಂಗಳ ಮೂವತ್ತು ದಿನವೂ, ಮುಟ್ಟಿರಲಿ ಇಲ್ಲದಿರಲಿ, ಹತ್ತಿರ ಹೋಗುವ ಮೊದಲು ಆಕೆಯನ್ನು ಒಂದು ಮಾತು ಕೇಳಿ. ‘ಒಲ್ಲೆ’ ಅಂದರೆ ಕೌದಿ ತೆಗೆದುಕೊಂಡು ಕಟ್ಟೆಗೆ ಹೋಗಿ. ದಾರಿ ನಿಮಗೆ ಗೊತ್ತಿದೆ.